ಮೂರು ಸುತ್ತು

ಮೂಳೆ ವೈದ್ಯರ ಬಾಗಿಲಲ್ಲಿ ಸರದಿ ಕಾಯುತ್ತ ಜಪಮಣಿ ಎಣಿಸುತ್ತಿದ್ದ ಅಜ್ಜಿಯ ಮನಸ್ಸು ಪಕ್ಕದ ಬೆಂಚಿನ ಅಣ್ಣ-ತಂಗಿಯರ ಜಗಳಕ್ಕೆ ಜಾರಿತು. ತಂಗಿಯ ಪಾದ ಊದಿಕೊಂಡಿತ್ತು.

"ಭಾನುವಾರ ರೇಸ್ ತಂಡಕ್ಕೆ ಆಯ್ಕೆ ಇದೆ ಅಂತ ಗೊತ್ತಿದ್ದೂ ನನ್ನ ಸೈಕಲ್ ಯಾಕೆ ಮುಟ್ಟಿದೆ?"

"ಮುಂದಿನ ಗೇರಲ್ಲಿ ಚೈನು ಕರಕರ ಅಂತಿತ್ತಲ್ಲೇ. ಚೈನು ಆಚೀಚೆ ಜಾರದ ಹಾಗೆ ತಡೆಯೋದು ಎರಡೇ ಸ್ಕ್ರೂ, ಮನೇಲೇ ಸರಿ ಮಾಡೋಣ ಅಂದ್ಕೊಂಡೆ."

"ಎಷ್ಟು ತಿರುಗಿಸಿದೆ?"

"ಸ್ವಲ್ಪ."

"ಸ್ವಲ್ಪ ಅಂದ್ರೆ?"

"ಮೂರು ಸುತ್ತು."

"ಅಯ್ಯೋ, ಕಾಲು ಸುತ್ತು ತಿರುಗಿಸಿ, ಪೆಡಲ್ ತಿರುಗಿಸಿ ನೋಡ್ಬೇಕು ಕಣೋ! ದೊಡ್ಡ ಹಲ್ಲುಚಕ್ರಕ್ಕೆ ಹಾಕಿದ್ದೇ ತಡ, ಚೈನು ಹೊರಗೆ ಹಾರ್ತು, ನಾನು ಚರಂಡಿಗೆ ಹಾರಿದೆ."

"ನಿಂಗೆ ಸೈಕಲ್ ಕಲಿಸಿದ್ದೇ ನಾನು, ನೆನಪಿರ್ಲಿ."

"ಆ ಸೈಕಲ್ಲಿಗೆ ಗೇರೇ ಇರ್ಲಿಲ್ಲ!"

ಅಜ್ಜಿಯ ಎಣಿಕೆ ತಪ್ಪಿತು.

ಒಳಗಿನಿಂದ ಕರೆ ಬಂತು. ಅಣ್ಣ ಹೆಗಲು ಕೊಡಲು ಬಾಗಿದ. ತಂಗಿ ಅದನ್ನು ಸರಿಸಿ ಗೋಡೆ ಹಿಡಿದು ಎದ್ದಳು.

"ಮೂಳೆ ಮುರಿದಿಲ್ಲ ಅಂದ್ರೆ, ಗೇರು...?"

"ನಾನೇ ಸರಿ ಮಾಡ್ಕೋತೀನಿ. ನೀನು ಹಿಂದಿನ ಚಕ್ರ ಎತ್ತಿ ಹಿಡಿದು ಬಾಯಿ ಮುಚ್ಕೊಂಡಿರು, ಸಾಕು."

ಬಾಗಿಲು ಮುಚ್ಚಿತು. ಅಜ್ಜಿ ಮೊದಲ ಮಣಿಗೆ ಮರಳಿ, ಈ ಜಪವೆಲ್ಲ ಆ ಹುಡುಗಿಯ ಕಾಲಿಗಿರಲಿ ಎಂದುಕೊಂಡಳು.