ಮೂರು ಮಿಷಿನ್ನಿಗೆ ಒಂದೇ ಕತ್ತರಿ

“ದೇವರು ಹಲ್ಲು ಕೊಟ್ಟಿರೋದು ದಾರ ಕಡಿಯೋಕಾ?”

ಹಲ್ಲಿನ ಡಾಕ್ಟರ ಬಾಗಿಲ ಮುಂದೆ ಕುಳಿತಿದ್ದ ಹೆಂಗಸು ಎದುರಿನ ಗೋಡೆಯನ್ನೇ ಕೇಳಿದಳು. ಎಡಗೆನ್ನೆ ಊದಿಕೊಂಡಿತ್ತು, ತೋಳಿಗೆ ಬಣ್ಣಬಣ್ಣದ ದಾರದ ಎಳೆಗಳು ಅಂಟಿದ್ದವು. ನನ್ನ ಸರದಿಗೆ ಕಾಯುತ್ತ ಮನಸ್ಸಿನಲ್ಲೇ ಪದ್ಯ ಹೇಳಿಕೊಳ್ಳುತ್ತಿದ್ದ ನಾನು ಅರ್ಧಕ್ಕೇ ನಿಲ್ಲಿಸಿದೆ. ಉತ್ತರ ಕೊಟ್ಟವನು ಪಕ್ಕದಲ್ಲಿದ್ದ ಅವಳ ತಮ್ಮ, ಆಕೆ ಕೆಲಸ ಮಾಡುವ ಹೊಲಿಗೆ ಅಂಗಡಿಯ ಯಜಮಾನ.

“ಕಡಿ ಅಂತ ನಾನು ಹೇಳಿದ್ನಾ, ಅಕ್ಕಾ?”

“ಮೂರು ಮಿಷಿನ್ನಿಗೆ ಒಂದೇ ಕತ್ತರಿ ಇಟ್ಟಿದ್ದೀಯಲ್ಲ, ಅದು ಹೇಳ್ತು.”

“ಲವಂಗದೆಣ್ಣೆ ತಂದುಕೊಟ್ಟೆ. ಮಾತ್ರೆ ತಂದುಕೊಟ್ಟೆ.”

“ಹೌದಪ್ಪಾ, ನೋವು ಅಡಗಿರಲಿ, ಕೈ ಓಡ್ತಿರಲಿ ಅಂತ. ಹಲ್ಲು ಬಿರುಕು ಬಿಟ್ಟಿದೆ, ಹುಳುಕು ಬೇರಿಗೆ ಇಳಿದಿದೆ, ಕೀವು ಕಟ್ಟಿದೆ ಅಂತ ನಿನ್ನೆ ಡಾಕ್ಟರು ಹೇಳಲಿಲ್ವಾ? ನಿನ್ನ ಎಣ್ಣೆ ಅಲ್ಲೀವರೆಗೆ ಹೋಗುತ್ತಾ?”

“ಅದಕ್ಕೇ ಕೀಳಿಸಿಬಿಡು. ಒಂದೇ ಸಲಕ್ಕೆ ಮುಗಿಯುತ್ತೆ.”

“ಬೇರು ಶುಚಿ ಮಾಡಿದ್ರೆ ಹಲ್ಲು ಉಳಿಯುತ್ತೆ ಅಂದಿದ್ದೂ ಅವರೇ. ಅದು ಕಿವಿಗೆ ಬೀಳಲಿಲ್ವಾ?”

“ಅದಕ್ಕೆ ಮತ್ತೆ ಮತ್ತೆ ಬರಬೇಕಂತೆ. ಶಾಲೆ ಸಮವಸ್ತ್ರ ಯಾರು ಹೊಲೀತಾರೆ?”

“ಓಹೋ! ನಿನ್ನ ಹಲ್ಲಾಗಿದ್ರೆ ಅಂಗಡಿಗೇ ಬೀಗ ಹಾಕಿ ಮಲಗ್ತಿದ್ದೆ. ಬೆರಳಿಗೆ ಸೂಜಿ ಚುಚ್ಚಿದ್ದಕ್ಕೆ ಬೀದಿಗೆಲ್ಲ ಕೇಳೋ ಹಾಗೆ ಕೂಗಿದವನು ನೀನು!”

ಅವನು ಕಾದು ಕುಳಿತಿದ್ದ ನಮ್ಮತ್ತ ನೋಡಿ ದನಿ ತಗ್ಗಿಸಿದ.

“ಒಂದು ಹಲ್ಲು ತಾನೇ, ಅಕ್ಕಾ. ಇನ್ನೂ ಬಾಯಿ ತುಂಬ ಇವೆ.”

“ಮಿಷಿನ್ನೂ ಮೂರಿವೆ. ಒಂದನ್ನ ಗುಜರಿಗೆ ಹಾಕ್ತೀಯಾ?”

ಒಳಗಿನಿಂದ ಕರೆ ಬಂತು. ಆಕೆ ಕೆನ್ನೆ ಹಿಡಿದುಕೊಂಡೇ ಎದ್ದಳು.

“ಅಕ್ಕಾ, ನಿನ್ನ ದಮ್ಮಯ್ಯ, ಕಿತ್ತುಬಿಡಿ ಅಂತ ಹೇಳು.”

“ಹೇಳಲ್ಲ,” ಎಂದವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.