ಎಡಕ್ಕೆ ವಾಲಿದ ಗೆರೆ

ಹಲ್ಲಿನ ಆಸ್ಪತ್ರೆಯಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ಎದುರು ಬೆಂಚಿನ ಮೇಲೆ ಅಕ್ಕ ತಂಗಿ ಕೂತಿದ್ದರು. ಹಲ್ಲುನೋವು ಅಕ್ಕನಿಗೆ, ತಂಗಿಯ ತೊಡೆಯ ಮೇಲೆ ಲ್ಯಾಪ್‌ಟಾಪ್.

“ನಾಳೆ ಬೆಳಿಗ್ಗೆ ಕ್ಲಾಸಲ್ಲಿ ಮಕ್ಕಳಿಗೆ ಏನು ತೋರಿಸ್ಲಿ ಹೇಳು? ನಿನ್ನ ಪ್ರೋಗ್ರಾಮು ಗಂಟು ಕಟ್ಟಿಕೊಟ್ಟ ಜಿಪ್ ಫೈಲ್ ಬಿಚ್ಚಿದ್ರೆ ಮೂವತ್ತು ಪಾಠದ ಚಿತ್ರಾನೂ ಒಂದೇ ರಾಶಿ. ಒಂದು ಫೋಲ್ಡರೂ ಇಲ್ಲ.”

“ಸಿಕ್ತು ಕಣೇ ಅಕ್ಕ! ಫೋಲ್ಡರ್ ಹೆಸರಿಗೂ ಚಿತ್ರದ ಹೆಸರಿಗೂ ಮಧ್ಯೆ ಒಂದು ಓರೆಗೆರೆ ಬರುತ್ತೆ. ನನ್ನ ಕಂಪ್ಯೂಟರಲ್ಲಿ ಅದು ಎಡಕ್ಕೆ ವಾಲುತ್ತೆ, ನಿಮ್ಮ ಶಾಲೇದ್ರಲ್ಲಿ ಬಲಕ್ಕೆ. ಎಡಕ್ಕೆ ವಾಲಿದ್ರೆ ಇಲ್ಲಿ ಫೋಲ್ಡರ್ ಇದೆ ಅಂತ ಅದಕ್ಕೆ ಗೊತ್ತೇ ಆಗಲ್ಲ.”

“ಅದನ್ನೆಲ್ಲ ಯಾರೋ ಬರೆದಿಟ್ಟ ರೆಡಿಮೇಡ್ ಕೋಡು, ಅದೇನೋ ಲೈಬ್ರರಿ ಅಂತೀಯಲ್ಲ, ಅದು ನೋಡ್ಕೊಳ್ಳುತ್ತೆ ಅಂದಿದ್ಯಲ್ಲ?”

“ಜಿಪ್ ಮಾಡೋದು ಅದೇ. ಪಾಪ, ನಾನು ಕೊಟ್ಟ ಹೆಸರನ್ನ ಕೊಟ್ಟ ಹಾಗೇ ಬರ್ಕೊಂಡಿದೆ. ಗೆರೆ ತಿರುಗಿಸಿ ಕೊಡ್ಬೇಕಾಗಿದ್ದೋಳು ನಾನು. ಸರಿ ಮಾಡಿ ಈಗಷ್ಟೇ ಶಾಲೆಗೆ ಕಳಿಸ್ದೆ.”

“ಅಂತೂ ಎಡ ಬಲ ತಪ್ಪಿದ್ದೀಯ.”

“ಒಂದೇ ಒಂದು ಗೆರೆ!”

“ಆರನೇ ಕ್ಲಾಸಿನ ತನಕ ಚಪ್ಪಲಿ ಅದಲುಬದಲು ಹಾಕ್ಕೊಂಡು ಹೋಗ್ತಿದ್ದೋಳಲ್ವಾ ನೀನು! ನಗಿಸ್ಬೇಡ ಮಾರಾಯ್ತಿ, ನೋಯುತ್ತೆ.”

ಅಕ್ಕನ ಫೋನ್ ಸದ್ದು ಮಾಡಿತು. ಶಾಲೆಯಿಂದ ಬಂದ ಸಂದೇಶವನ್ನು ಆಕೆ ಗಟ್ಟಿಯಾಗಿ ಓದಿದಳು: “ಮೂವತ್ತು ಫೋಲ್ಡರೂ ಸಾಲಾಗಿ ನಿಂತಿವೆ ಮೇಡಂ.”

ತಂಗಿ ಕೂತಲ್ಲೇ ಕುಣಿದಳು. ಅಕ್ಕ ಕೆನ್ನೆ ಒತ್ತಿ ಹಿಡಿದುಕೊಂಡೇ ನಕ್ಕಳು.

ಅಷ್ಟರಲ್ಲಿ ನರ್ಸ್ ಬಾಗಿಲಿನಿಂದ ಇಣುಕಿ, ಅಕ್ಕನತ್ತ ಕೈ ತೋರಿಸಿ ತಂಗಿಯನ್ನು ಕೇಳಿದಳು: “ಹಲ್ಲು ಕೀಳೋದು ಇವರಿಗೆ ತಾನೇ? ಎಡಗಡೇದೋ, ಬಲಗಡೇದೋ?”

ತಂಗಿ ಉತ್ತರ ಹೇಳಲು ಬಾಯಿ ತೆರೆದಳು.

“ಅಯ್ಯೋ ಸಿಸ್ಟರ್, ಇವಳನ್ನ ಮಾತ್ರ ಕೇಳ್ಬೇಡಿ!” ಎನ್ನುತ್ತ ಅಕ್ಕ ದಡಬಡಿಸಿ ಎದ್ದು ಒಳಗೆ ನಡೆದಳು.