ಪರದೆಯ ಬಲ ಅಂಚು

ನಮ್ಮ ಪಕ್ಕದ ಮನೆಯ ತೊಮೊಯಾನಿಗೆ ಆದದ್ದು ಇದು. ಇಲ್ಲೇ, ನಮ್ಮೂರು ಹಿರಾದೊದಲ್ಲಿ. ಕಟ್ಟುಕತೆ ಅನ್ನುವವರು ಈಗಲೇ ಎದ್ದು ಹೋಗಿ ಮಲಗಬಹುದು.

ಮೀನು ಮಾರುಕಟ್ಟೆಯ ಕೆಲಸ ಮುಗಿಸಿ ಬರುತ್ತಿದ್ದ. ಹೊತ್ತಾಗಿತ್ತು. ತನ್ನ ದೊಡ್ಡಮ್ಮ ಇತ್ಸುಯೊಳ ಹಿತ್ತಲ ಬಾವಿಯ ಹತ್ತಿರ ಬಂದಾಗ... ಟಪ್. ಸ್ವಲ್ಪ ಬಿಟ್ಟು ಮತ್ತೆ... ಟಪ್. ಒದ್ದೆ ಅಂಗೈ ಕಲ್ಲಿಗೆ ಬಡಿದ ಸದ್ದು. ಹೋದ ಚಳಿಗಾಲ ದೊಡ್ಡಮ್ಮನ ಮಗಳು ಚಿಗುಸಾ ಬಿದ್ದು ಸತ್ತದ್ದು ಅದೇ ಬಾವಿಯಲ್ಲಿ. ಕೂಗಿರಬೇಕು, ಪಾಪ. ಮನೆಯಲ್ಲಿದ್ದವಳು ತಾಯಿ ಒಬ್ಬಳೇ. ಅವಳಿಗೆ ಕಿವಿ ಕೇಳದು.

ತೊಮೊಯಾ ಒಳಗೆ ಓಡಿದ. ದೊಡ್ಡಮ್ಮ ಸದ್ದಿಲ್ಲದ ಟಿವಿಯ ಮುಂದೆ ಕೂತಿದ್ದಳು. ತನ್ನ ತುಟಿ ಕಾಣಲಿ ಎಂದು ಎದುರಿಗೆ ಕೂತು ಪಿಸುಗುಟ್ಟಿದ.

"ದೊಡ್ಡಮ್ಮಾ... ಬಾವಿ ಹತ್ರ ಯಾರೋ..."

"ಗೊತ್ತು ಕಣೋ. ಅದನ್ನ ಓದು."

ಟಿವಿಯಲ್ಲಿ ಅಡುಗೆ ಕಾರ್ಯಕ್ರಮ. ಹೆಂಗಸೊಬ್ಬಳು ಮೂಲಂಗಿ ಹೆಚ್ಚುತ್ತಿದ್ದಳು. ಅವಳ ಮಾತು ಬಿಳಿ ಅಕ್ಷರದಲ್ಲಿ ಕೆಳಗೆ, ನಡುವೆ ಬರುತ್ತಿತ್ತು. ಬಲ ತುದಿಯಲ್ಲಿ ಮಾತ್ರ ಒಂದು ಹಳದಿ ಸಾಲು... ಅಮ್ಮಾ.

"ಟಿವಿ ಹಳೇದು. ಚಿತ್ರ ಹಿಗ್ಗಿಸೋವಾಗ ಅಕ್ಷರ ಜಾರುತ್ತೆ, ಅಷ್ಟೆ," ಅಂದ ತೊಮೊಯಾ.

"ನನಗೇ ಪಾಠ ಹೇಳ್ತೀಯಾ? ನನ್ನಂಥೋರು ಓದಲಿ ಅಂತ ಟಿವಿಗೆ ಅಕ್ಷರ ಕೂರಿಸೋದೇ ನನ್ನ ಮಗಳ ಕೆಲಸ ಆಗಿತ್ತು. ಒಬ್ಬೊಬ್ಬರ ಮಾತಿಗೆ ಒಂದೊಂದು ಬಣ್ಣ. ಮಾತಾಡೋರ ಕೆಳಗೇ ಅಕ್ಷರ. ಪರದೆ ಮೇಲೆ ಇಲ್ಲದೋರು ಮಾತಾಡಿದ್ರೆ, ಅವರು ಯಾವ ಕಡೆ ಇದಾರೋ ಆ ಅಂಚಿಗೆ."

ಟಿವಿಯ ಬಲಕ್ಕೆ ಹಿತ್ತಲ ಬಾಗಿಲು.

"ಆ ಅಕ್ಷರ ಮೊದಲು ಇರುವೆಯಷ್ಟಿತ್ತು," ಅಂದಳು. "ದಿನಾ ದೊಡ್ಡದಾಗ್ತಿದೆ..."

ತೊಮೊಯಾ ತಟ್ಟನೆ ಎದ್ದ. ವೈರು ಕಿತ್ತು ಆ ಟಿವಿಯನ್ನು ಹೊತ್ತುಕೊಂಡೇ ಹೋದ. ಮಾರನೆಯ ಸಂಜೆ ಹೊಸದೊಂದು ತಂದಿಟ್ಟ.

"ಆಂಟೆನಾ ವೈರು ನಾಳೆ ಸಿಕ್ಕಿಸ್ತೀನಿ. ಇವತ್ತು ಮಲಗು, ದೊಡ್ಡಮ್ಮ."

"ಆ ರಾತ್ರಿ ಅವಳು ಕೂಗಿದ್ದು ನನಗೆ ಕೇಳಿಸಲಿಲ್ಲ. ಈಗ ಓದೋಕೂ ಬಿಡಲ್ವೇನೋ, ಪಾಪಿ?"

ಅವನಿಗೆ ಅಳು ಬಂತು. ಕಣ್ಣೊರೆಸಿಕೊಂಡು ಎದ್ದು ಹೋದ.

ಬೆಳಗ್ಗೆ ಬಂದು ನೋಡಿದರೆ ಹಿತ್ತಲ ಬಾಗಿಲು ತೆರೆದಿತ್ತು. ಬಾವಿಗೆ ಮುಚ್ಚಿದ್ದ ಹಲಗೆ ಪಕ್ಕಕ್ಕೆ ಸರಿದಿತ್ತು. ದೊಡ್ಡಮ್ಮನನ್ನು ಮೇಲೆತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಒಳಗೆ ಹೊಸ ಟಿವಿ ಹಾಗೇ ಓಡುತ್ತಿತ್ತು. ಚಿತ್ರವಿಲ್ಲ, ಬರೀ ಕಪ್ಪು. ಬಲ ಅಂಚಿನಲ್ಲಿ ದಪ್ಪನೆಯ ಹಳದಿ ಸಾಲು... ಅಮ್ಮಾ. ಅದರ ಕೆಳಗೆ, ಅದೇ ಅಂಚಿಗೆ ಅಂಟಿಕೊಂಡು, ನೀಲಿ ಬಣ್ಣದಲ್ಲಿ ಇನ್ನೊಂದು...

ಬಂದೆ ಕಣೇ.

ತೊಮೊಯಾ ಕಣ್ಣಾರೆ ಓದಿದ್ದು, ಸುಳ್ಳಲ್ಲ. ಆಂಟೆನಾ ವೈರು ಆಗಲೂ ಸುರುಳಿ ಸುತ್ತಿಕೊಂಡು ಅವನ ಜೇಬಿನಲ್ಲೇ ಇತ್ತು.